ದೇವರನ್ನು ಒಳಗಿಟ್ಟು ಮುಳ್ಳು ಹಾಕಿದ ಮನೆ

ಅಪ್ಪ ಸತ್ತ ಗಳಿಗೆ ಸರಿಯಿಲ್ಲ ಎಂದು ಅರಸೀಕೆರೆಯ ಜೋಯಿಸರು ದೊಡ್ಡಪ್ಪನಿಗೆ ಹೇಳಿ ಕಳಿಸಿದರು. ಆರು ತಿಂಗಳು ಮನೆ ಬಿಡಬೇಕಂತೆ, ಇಲ್ಲದಿದ್ದರೆ ಅಲ್ಲಿ ಇನ್ನೊಂದು ಸಾವಂತೆ. ಎಪ್ಪತ್ತರ ದಶಕದ ಕೊನೆ. ನಾನು ಗಂಡಸಿಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿ. ಕಾರ್ಯ ಮುಗಿದದ್ದೇ ತಡ, ದೊಡ್ಡಪ್ಪ ನಮ್ಮ ಬಾಗಿಲಿಗೆ ಬೀಗ ಜಡಿದು ಜಾಲಿಮುಳ್ಳಿನ ಕೊಂಬೆ ಅಡ್ಡ ಇಟ್ಟರು. ಅಮ್ಮ, ನಾನು ಪಕ್ಕದ ಅವರ ಮನೆಗೆ ಹೋದೆವು. ಎರಡೂ ಮನೆಗೆ ನಡುವೆ ಒಂದೇ ಗೋಡೆ.

ಆ ಗೋಡೆ ನನ್ನ ಜೀವ ತಿನ್ನುತ್ತಿತ್ತು. ಸಂಜೆ ಮಗ್ಗಿ ಬರೆಯಲು ಕೂತರೆ ಆಚೆ ಕಡೆ ಅಟ್ಟದಲ್ಲಿ ಕಾಯಿ ಉರುಳುವ ಸದ್ದು. ಕೊಬ್ಬರಿಯಾಗಲೆಂದು ಅಪ್ಪ ಅಟ್ಟದ ತುಂಬ ತೆಂಗಿನಕಾಯಿ ಹರಡಿದ್ದರು. ಆಗಾಗ ಹತ್ತಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ತಿರುಳು ಒಣಗಿ ಗಿಟುಕಾಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ನೋಡುತ್ತಿದ್ದರು. ಈಗಲೂ ಅದೇ ಸದ್ದು. "ಇಲಿ ಕಣೇ," ಎನ್ನುತ್ತಿದ್ದ ದೊಡ್ಡಮ್ಮನ ಮುಖವೇ ಬಿಳಿಚಿಕೊಂಡಿರುತ್ತಿತ್ತು. ನನಗೆ ಹೆದರಿಕೆಯಿಂದ ಜ್ವರ ಬಂತು. ಆದರೂ ದಿನಾ ಆ ಗೋಡೆಗೆ ಕಿವಿ ಒತ್ತಿಕೊಂಡೇ ಕೂರುತ್ತಿದ್ದೆ.

ಮೂರು ತಿಂಗಳು ಮೂಲೆ ಹಿಡಿದಿದ್ದ ಅಮ್ಮ ಒಂದು ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಬತ್ತಿ ಹೊಸೆಯಲು ಕೂತಳು. ತಟ್ಟನೆ ಕೈ ನಿಲ್ಲಿಸಿದಳು. ಪಾತ್ರೆ, ಹಾಸಿಗೆ, ನನ್ನ ಸ್ಲೇಟು, ಎಲ್ಲ ಹೊರಗೆ ಬಂದಿದ್ದವು. ದೇವರ ಗೂಡಿನ ಶಿವಲಿಂಗವನ್ನು ಮಾತ್ರ ಯಾರೂ ತಂದಿರಲಿಲ್ಲ.

"ಭಾವ, ನಮ್ಮ ದೇವ್ರು ಎಲ್ಲೈತೆ?"

ದೊಡ್ಡಪ್ಪ ತಡವರಿಸಿದರು. "ಒಳ್ಗೇ ಉಳ್ಕಂಡೈತೆ ಕಣಮ್ಮ. ಇನ್ನು ಮೂರು ತಿಂಗ್ಳು ತಾನೇ."

"ನನ್ನ ಗಂಡ ಕೆಟ್ಟ ಗಳಿಗೇಲಿ ಹೋದ್ರೆ ಶಿವ ಏನ್ ತಪ್ಪು ಮಾಡ್ದ, ಕತ್ಲಲ್ಲಿ ಕೂಡಾಕಕ್ಕೆ? ಅವನಿರೋ ಮನೇಲಿ ಅದ್ಯಾವ ಸಾವು ಬಂದು ಕೂತ್ಕಂತದೆ, ನೋಡೇ ಬಿಡ್ತೀನಿ."

"ಜೋಯಿಸ್ರು ಹೇಳವ್ರೆ ತಾಯಿ, ಮಗು ಮುಖ ನೋಡು..."

"ಜೋಯಿಸ್ರಿಗೆ ನೀವೇ ಹೇಳ್ಕಳಿ. ಬೀಗದ ಕೈ ಕೊಡಿ."

ಬರಿಗೈಯಲ್ಲೇ ಮುಳ್ಳು ಎಳೆದು ಬಿಸಾಡಿದಳು. ಅಂಗೈಯೆಲ್ಲ ರಕ್ತ. ಸೆರಗು ಹಿಡಿದು ನಾನೂ ಒಳಗೆ ಹೋದೆ. ಧೂಳು, ಇಲಿಹಿಕ್ಕೆ, ಮುಗ್ಗಲು ವಾಸನೆ. ಅಮ್ಮ ಲಿಂಗಕ್ಕೆ ನೀರೆರೆದು, ದೀಪ ಹಚ್ಚಿ, "ತಪ್ಪಾಯ್ತು ಕಣಪ್ಪಾ" ಎಂದು ಗೋಳೋ ಎಂದು ಅತ್ತಳು. ಅಪ್ಪ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಅವಳು ಅಳುತ್ತಿರುವಾಗ ನಾನು ಏಣಿ ಹಿಡಿದು ಅಟ್ಟಕ್ಕೆ ಹತ್ತಿದೆ. ನಾಲ್ಕಾರು ಇಲಿ ದಡದಡ ಓಡಿದವು. ಮೂಲೆ ಮೂಲೆ ನೋಡಿದೆ.

ಅವತ್ತೇ ನಾವು ಮರಳಿದ ಆ ಮನೆಗೆ ಇನ್ನೊಂದು ಸಾವು ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಅದು ವಯಸ್ಸಾದ ಅಮ್ಮನದೇ. ಅಲ್ಲಿಯವರೆಗೆ ಅವಳು ಪಂಚಾಂಗ ಮುಟ್ಟಲಿಲ್ಲ, ದೀಪ ತಪ್ಪಿಸಲಿಲ್ಲ. ನನಗೂ ಯಾವ ಗಳಿಗೆಯ ಭಯವೂ ಉಳಿಯಲಿಲ್ಲ. ಆದರೆ ಆ ಸೋಮವಾರ ನಾನು ಏಣಿ ಇಳಿದು ಬಂದು, ಅಮ್ಮನ ಭುಜ ಅಲ್ಲಾಡಿಸಿ, "ಅಮ್ಮಾ, ಅಪ್ಪ ಇಲ್ಲ" ಎಂದೆ. ಮೂರು ತಿಂಗಳಿಂದ ಎಲ್ಲರೂ ನನಗೆ ಅದನ್ನೇ ಹೇಳುತ್ತಿದ್ದರು. ನಾನು ನಂಬಿದ್ದು ಅವತ್ತು.