ರೈಟರ ಎದೆಯ ಚಿತ್ರ

ಇವತ್ತು ಬೆಳಿಗ್ಗೆ ಕುಟ್ಟದ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವನೊಬ್ಬ ಕೆಮ್ಮಿದ. ಮೊದಲಾಗಿದ್ದರೆ ಮುಖ ಸಿಂಡರಿಸಿಕೊಂಡು ಬೇರೆ ಸೀಟು ಹುಡುಕುತ್ತಿದ್ದೆ. ಈಗ ಪೂರ್ತಿ ಹಿಂದಕ್ಕೆ ತಿರುಗಿ, "ಎಷ್ಟು ದಿವಸ ಆಯ್ತು ಈ ಕೆಮ್ಮು?" ಎಂದು ಕೇಳಿಬಿಟ್ಟೆ. ಆತ ಗಾಬರಿಯಾಗಿ, "ನಿನ್ನೆಯಿಂದ ಡಾಕ್ಟ್ರೇ, ಐಸ್ ಕ್ರೀಮ್ ತಿಂದಿದ್ದೆ" ಎಂದ.

ನಾನು ಡಾಕ್ಟರಲ್ಲ. ಬಿಟ್ಟಂಗಾಲದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಬಹಳ ವರ್ಷ ರೈಟರ್ ಆಗಿದ್ದವನು. ರೈಟರ್ ಎಂದರೆ ಕತೆ ಬರೆಯುವವನೆಂದು ತಿಳಿಯಬೇಡಿ. ಬೆಳಿಗ್ಗೆ ಶೆಡ್ಡಿನಲ್ಲಿ ಕೆಲಸದವರ ಹೆಸರು ಕೂಗಿ ಹಾಜರಿ ಬರೆಯುವವನು ಅಷ್ಟೆ. ಆದರೆ ಆ ಶೆಡ್ಡಿನೊಳಗೆ ನನ್ನ ಠೀವಿ ಮಾತ್ರ ಎಸ್ಟೇಟಿನ ದೊರೆಗಳಿಗಿಂತ ಒಂದು ಕೈ ಮೇಲಿತ್ತು. ಚಳಿಗಾಲವೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಎಲ್ಲರನ್ನೂ ಒತ್ತೊತ್ತಾಗಿ ಕೂರಿಸಿ, ಕೆಮ್ಮುತ್ತ ಕೆಮ್ಮುತ್ತ ಹೆಸರು ಕೂಗುತ್ತಿದ್ದೆ. ಹೌದು, ಕೆಮ್ಮುತ್ತಿದ್ದವನು ನಾನೇ. ಕಣದಲ್ಲಿ ಒಣಗುವ ಕಾಫಿಯ ಧೂಳು ಎಂದುಕೊಂಡಿದ್ದೆ. ಎರಡು ತಿಂಗಳು ಹಾಗೇ ಅಂದುಕೊಂಡಿದ್ದೆ.

ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿಯಲು ಎರಡು ವಾರ ಇದೆ ಎನ್ನುವಾಗ ಆರೋಗ್ಯ ಕೇಂದ್ರದ ದೇಚಮ್ಮ ಸಿಸ್ಟರ್ ಸ್ಕೂಟರಿನಲ್ಲಿ ಬಂದಿಳಿದರು. ಜೊತೆಗೊಬ್ಬ ಟೆಕ್ನೀಷಿಯನ್, ಅವನ ಹೆಗಲಲ್ಲಿ ಮದುವೆ ಮನೆಯ ಫೋಟೋದವರು ತರುವಂಥ ಒಂದು ಚೀಲ. ಅದರೊಳಗಿರುವುದು ಎಕ್ಸ್‌ರೇ ಮೆಷಿನ್ ಎಂದಾಗ ನನಗೆ ನಗು ಬಂತು. ನಾನು ನೋಡಿದ ಎಕ್ಸ್‌ರೇಗೆ ಒಂದು ಕೋಣೆಯೇ ಬೇಕಿತ್ತು.

"ಲೈನ್‌ಮನೆಗಳಲ್ಲಿರುವ ಕೆಲಸದವರಿಗೆಲ್ಲ ಟಿಬಿ ಪರೀಕ್ಷೆ ಮಾಡ್ಬೇಕು ರೈಟರೇ. ಪಿಕ್ಕಿಂಗ್ ಮುಗಿದ್ರೆ ಅರ್ಧ ಜನ ಅಸ್ಸಾಮಿಗೆ ಹೋಗಿಬಿಡ್ತಾರೆ, ಮತ್ತೆ ಯಾರನ್ನು ಎಲ್ಲಿಂದ ಹುಡುಕೋದು?"

"ಇದು ಕೆಲಸದ ಹೊತ್ತು ಸಿಸ್ಟರೇ" ಎಂದೆ.

"ಕಾಯಿಲೆಗೆ ಭಾನುವಾರ ರಜೆ ಉಂಟಾ?" ಎಂದು ಕೇಳುತ್ತಲೇ ಅವರು ಮೇಜು ಹಾಕಿಸಿದರು.

ಆದರೆ ಒಬ್ಬರೂ ಮುಂದೆ ಬರಲಿಲ್ಲ. ಕಾಯಿಲೆ ಸಿಕ್ಕಿದರೆ ಅಲ್ಲಿಂದಲೇ ಊರಿಗೆ ಅಟ್ಟುತ್ತಾರೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಅಸ್ಸಾಮಿನವರ ಪೈಕಿ ಚೆನ್ನಾಗಿ ಕನ್ನಡ ಬರುತ್ತಿದ್ದುದು ಮೈನುಲ್ಲನಿಗೆ. ಅವನು ಕೈಕಟ್ಟಿ ನಿಂತು, "ಸಾಬ್, ನೀವು ಫಸ್ಟ್ ಮಾಡಿ. ಆಮೇಲೆ ನಾವು" ಎಂದ.

ಇಂಥ ಅವಕಾಶ ಬಿಡುವವನೇ ನಾನು? ಅಂಗಿ ಬಿಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ಬಹುಮಾನ ಪಡೆಯುವ ಪೈಲ್ವಾನನ ಹಾಗೆ ನಿಂತೆ. ಟೆಕ್ನೀಷಿಯನ್ ಪರದೆ ನೋಡಿದ, ಸಿಸ್ಟರನ್ನು ಕರೆದು ತೋರಿಸಿದ. ಅವರು ಮುಚ್ಚಳದ ಪುಟ್ಟ ಡಬ್ಬಿಯೊಂದನ್ನು ನನ್ನ ಕೈಗಿತ್ತು, "ಚೆನ್ನಾಗಿ ಕೆಮ್ಮಿ ಕಫ ತೆಗೀರಿ" ಎಂದರು. ನನ್ನನ್ನು ನೋಡಿ ಹತ್ತು ಹನ್ನೆರಡು ಜನ ಮುಂದೆ ಬಂದರು. ಮೈನುಲ್ಲನೂ ಉಳಿದವರೂ ಮೆಲ್ಲಗೆ ಕಾಫಿ ಗಿಡಗಳ ನಡುವೆ ಮರೆಯಾದರು.

ಎರಡು ದಿನ ಕಳೆದು ಸಿಸ್ಟರ್ ಫೋನ್ ಮಾಡಿದರು. "ರೈಟರೇ, ಕಣದ ಹತ್ತಿರ ಒಬ್ರೇ ಬರ್ತೀರಾ?"

ಹೋದೆ. "ಯಾರಿಗಿದೆ? ಮೈನುಲ್ಲನ ಕಡೆಯವರಿಗಾ?" ಎಂದು ಕೇಳಿದೆ.

"ನಿಮಗೆ."

ಕಾಲಡಿಯ ಕಾಫಿ ಬೀಜಗಳನ್ನು ನೋಡುತ್ತ ನಿಂತೆ. ಸಾವಿನ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. "ಈ ಲೈನಿನವರಿಂದಲೇ ಅಂಟಿರೋದು" ಎಂದೆ.

"ಇರಬಹುದು" ಎಂದರು ಸಿಸ್ಟರ್. "ಆದ್ರೆ ಬಾಗಿಲು ಕಿಟಕಿ ಮುಚ್ಚಿದ ಶೆಡ್ಡಿನಲ್ಲಿ ಎರಡು ತಿಂಗಳು ಅವರ ಮುಖಕ್ಕೇ ಕೆಮ್ಮಿದ್ದು ನೀವಲ್ವಾ?"

ಸಿಸ್ಟರ್ ಚೀಲದಿಂದ ಮಾಸ್ಕ್ ತೆಗೆದು ನನ್ನ ಕೈಗಿತ್ತರು.

"ನಿಮ್ಮ ಹೆಸರು ನಾನು ಯಾರಿಗೂ ಹೇಳೋದಿಲ್ಲ. ಹೇಳುವ ಹಾಗೂ ಇಲ್ಲ. ಮಾಸ್ಕ್ ಹಾಕ್ಕೊಂಡು ಮನೆಯಲ್ಲಿದ್ದು ಮಾತ್ರೆ ತಗೊಳ್ಳಿ. ಆರು ತಿಂಗಳು ಒಂದು ದಿವಸವೂ ತಪ್ಪಿಸಬಾರದು. ಆ ಶೆಡ್ಡಿನಲ್ಲಿ ಕೂತವರನ್ನು ಹೇಗಾದ್ರೂ ಪರೀಕ್ಷೆಗೆ ಕರ್ಕೊಂಡು ಬರೋದು ನನ್ನ ಕೆಲಸ."

ಆ ಜನ ಬರುವುದಿಲ್ಲವೆಂದು ಸಿಸ್ಟರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆಯಲ್ಲಿ ಹೆಂಡತಿ ಪಾರ್ವತಿಗೆ ಹೇಳಿದೆ. ನಮ್ಮಿಬ್ಬರದೂ ಶನಿವಾರಸಂತೆ ಕಡೆಯ ಊರು. ಅವಳು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ನಾನೂ ಪರೀಕ್ಷೆ ಮಾಡಿಸ್ಕಂತೀನಿ, ಅದಿರ್ಲಿ. ಆ ಜನಕ್ಕೆ ಹೇಳಿದ್ರೇನ್ರೀ?" ಎಂದಳು.

"ಹೆಂಗೇ ಹೇಳ್ಲಿ? ನಾಳೆಯಿಂದ ಯಾರು ನನ್ನ ಮಾತು ಕೇಳ್ತಾರೆ?"

"ಇಷ್ಟು ದಿನ ಕೇಳಿದ್ದಕ್ಕೇ ಅಲ್ವಾ ಅವ್ರು ಆ ಮುಚ್ಚಿದ ಶೆಡ್ಡಲ್ಲಿ ಕೂತಿದ್ದು?"

ಆ ರಾತ್ರಿಯಿಡೀ ಅವಳ ಮೇಲೆ ಮುನಿಸಿಕೊಂಡಿದ್ದೆ. ಬೆಳಿಗ್ಗೆ ಎದ್ದು ಮಾಸ್ಕ್ ಹಾಕಿಕೊಂಡು ಹೋದೆ. ಶೆಡ್ಡಿನೊಳಗೆ ಕಾಲಿಡಲಿಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆಸಿ, ದೂರದಲ್ಲಿ ನಿಂತು ಹೇಳಿದೆ: "ಟಿಬಿ ಬಂದಿರೋದು ನನಗೆ. ಗೊತ್ತಿಲ್ಲದೆ ನಿಮ್ಮ ಎದುರಿಗೆ ಕೆಮ್ಮಿದ್ದೀನಿ. ತಪ್ಪಾಯ್ತು. ಯಾರನ್ನೂ ಊರಿಗೆ ಅಟ್ಟೋದಿಲ್ಲ, ನನ್ನನ್ನೂ ಅಟ್ಟಿಲ್ಲ ನೋಡಿ. ದಯವಿಟ್ಟು ಪರೀಕ್ಷೆ ಮಾಡಿಸ್ಕೊಳ್ಳಿ."

ಮೈನುಲ್ ಅದನ್ನು ಅವರ ಭಾಷೆಯಲ್ಲಿ ಹೇಳಿದ. ನಾನು ಹೇಳಿದ್ದಕ್ಕಿಂತ ಉದ್ದವಾಗಿಯೇ ಹೇಳಿದ. ಏನೇನು ಸೇರಿಸಿದನೋ ಕಾಣೆ. ಮಧ್ಯಾಹ್ನ ಸಿಸ್ಟರ್ ಬಂದಾಗ ಸಾಲು ಗೇಟಿನವರೆಗೆ ಬೆಳೆದಿತ್ತು.

ಇನ್ನೊಬ್ಬರಲ್ಲಿ ಕಾಯಿಲೆ ಪತ್ತೆಯಾಯಿತು. ಮೈನುಲ್ಲನ ಹೆಂಡತಿ ಸಲೀಮಾ. ಕೆಮ್ಮು ಇರಲಿಲ್ಲ, ಸಂಜೆ ಸಣ್ಣ ಜ್ವರ ಬರುತ್ತಿತ್ತಂತೆ. ಮೈನುಲ್ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತ.

"ಸಾಬ್, ನಿಮ್ಮಿಂದ ಬಂತಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಮೈನುಲ್. ಇರಬಹುದು" ಎಂದೆ. ಅವನು ತಿರುಗಿ ಹೊರಟುಹೋದ.

ಪಿಕ್ಕಿಂಗ್ ಮುಗಿದು ಅವರು ಊರಿಗೆ ಹೊರಟರು. ಸಲೀಮಾಳ ಕಾಗದಗಳನ್ನು ಅವಳೂರಿನ ಆಸ್ಪತ್ರೆಗೆ ಕಂಪ್ಯೂಟರಿನಲ್ಲೇ ಕಳಿಸಿ, ದಾರಿಗೆ ಬೇಕಾದ ಮಾತ್ರೆಗಳನ್ನು ಕೈಯಲ್ಲಿ ಕೊಟ್ಟು, ಸಿಸ್ಟರ್ ಇನ್ನೊಂದು ಉಪಾಯ ಹೂಡಿದರು. "ಬೆಳಿಗ್ಗೆ ನೀವೂ ಸಲೀಮಾನೂ ವಿಡಿಯೋ ಕಾಲ್ ಮಾಡಿ ಒಟ್ಟಿಗೇ ಮಾತ್ರೆ ನುಂಗಿ. ನಾನೂ ಫೋನಲ್ಲಿ ನೋಡ್ತೇನೆ. ಒಬ್ರು ತಪ್ಪಿಸಿದ್ರೆ ಇನ್ನೊಬ್ರು ಬೈಯಬೇಕು."

ನಮ್ಮಲ್ಲಿ ವಿಡಿಯೋ ಕಾಲ್ ಮಾಡುವಷ್ಟು ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ದಿನಾ ಬೆಳಿಗ್ಗೆ ಮಾತ್ರೆ, ನೀರಿನ ಬಾಟಲಿ, ಮಳೆ ಹಿಡಿದ ಮೇಲೆ ಕೊಡೆ, ಇಷ್ಟನ್ನೂ ಹೊತ್ತು ಹತ್ತುತ್ತಿದ್ದೆ. ಮೊದಲ ವಾರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ನನ್ನ ಕತೆ ಮುಗಿಯಿತೆಂದು ಪಾರ್ವತಿಗೆ ಗದ್ದೆಯ ಪತ್ರ ಇಟ್ಟ ಜಾಗ ತೋರಿಸಿದ್ದೆ. ಸಿಸ್ಟರ್ ಫೋನಿನಲ್ಲಿ ನಕ್ಕ ನಗು ಅವಳಿಗೂ ಕೇಳಿಸಿತು. ಅದು ಮಾತ್ರೆಯ ಬಣ್ಣವಂತೆ.

ಸಲೀಮಾಳಿಗೆ ಬರುತ್ತಿದ್ದ ಕನ್ನಡ ಕೆಲವೇ ಪದ. ದಿನಾ ಒಂದೇ ಪ್ರಶ್ನೆ: "ತಿಂದ್ರಾ ಸಾಬ್?" ನಾನು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಮಾತ್ರೆ ಇನ್ನು ಸಾಕಪ್ಪಾ ಅನ್ನಿಸಿದ ದಿನಗಳಿದ್ದವು. ಅವಳು ಅಲ್ಲಿ ಫೋನ್ ಹಿಡಿದು ಕೂತಿರುತ್ತಾಳೆಂದು ಹತ್ತಿದ್ದೇನೆ. ಒಂದು ದಿನ ಅವಳ ಬದಲು ಮೈನುಲ್ ಕಾಣಿಸಿಕೊಂಡ. ಅವಳಿಗೇನಾಯಿತು ಎಂದು ಕೇಳಿದೆ. "ಸಲೀಮಾ ಹೊಲದಲ್ಲಿ, ಬರ್ತಾಳೆ" ಎಂದು ನಿಂತುಕೊಂಡೇ ಇದ್ದ. ಆಮೇಲೆ, "ಸಾಬ್, ನೀವು ದಪ್ಪ ಆಗಿದ್ದೀರಿ" ಎಂದು ನಕ್ಕ. ಅಂಗಳದಿಂದ ಹೊರಟುಹೋದ ಮೇಲೆ ಅವನು ನನ್ನೊಡನೆ ನಕ್ಕು ಆಡಿದ ಮೊದಲ ಮಾತು ಅದು.

ಇಬ್ಬರಿಗೂ ಗುಣವಾಯಿತು. ನಾನು ಕೆಲಸದಿಂದ ನಿವೃತ್ತನಾದೆ. ಈಗ ಸಿಸ್ಟರ್ ಕರೆದಲ್ಲಿಗೆ ಹೋಗಿ ನನ್ನ ಕತೆ ಹೇಳುತ್ತೇನೆ.

ಇವತ್ತು ಕುಟ್ಟದ ಆಚೆಯ ಎಸ್ಟೇಟೊಂದರ ಲೈನಿಗೆ ಹೋಗಿ ಸಿಸ್ಟರ ಪಕ್ಕದಲ್ಲಿ ನಿಂತು ಹಾಗೆಯೇ ಹೇಳಿದೆ. ಪರೀಕ್ಷೆಗೆ ಹೆಸರು ಬರೆಸಲು ಯಾರೂ ಮುಂದೆ ಬರಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದ ಒಬ್ಬಳು ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಜವಾಗಿ ನಿಮಗೇ ಬಂದಿತ್ತಾ?" ಎಂದಳು.

"ನನಗೇ ಅಜ್ಜಿ."

"ಈಗ ಇಲ್ವಾ?"

"ಇಲ್ಲ."

ಅವಳು ಸ್ವಲ್ಪ ಸರಿದು ಚಾಪೆಯ ಮೇಲೆ ನನಗೆ ಜಾಗ ಮಾಡಿಕೊಟ್ಟಳು. ಕೂತೆ. "ಹಾಗಾದ್ರೆ ನನ್ನ ಹೆಸರು ಬರ್ಕೊಳ್ಳಿ" ಎಂದಳು. ಹೆಸರು ಬರೆಯುವುದು ನನಗೆ ಹೊಸದಲ್ಲವಲ್ಲ, ಸಿಸ್ಟರ ಕೈಯಿಂದ ಪೆನ್ನು ತೆಗೆದುಕೊಂಡು ಬರೆದೆ.