ನಾನು ಜಾರಿ ಬಿದ್ದದ್ದಲ್ಲ

ಕೇಸ್ ಶೀಟಿನಲ್ಲಿ ‘ಸ್ಲಿಪ್ ಆ್ಯಂಡ್ ಫಾಲ್’ ಎಂದು ಬರೆದಿದ್ದರು. ಸುಳ್ಳು. ನೆಲ ಒಣಗಿತ್ತು. ನಾನು ಜಾರಲಿಲ್ಲ. ಉಪ್ಪಿನಂಗಡಿಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಮಧ್ಯಾಹ್ನದ ಊಟಕ್ಕೆಂದು ಕುರ್ಚಿಯಿಂದ ಏಳಹೊರಟೆ. ಕಾಲುಗಳು ನನ್ನನ್ನು ಎತ್ತಲಿಲ್ಲ. ಅರ್ಧ ಎದ್ದವಳು ಹಾಗೆಯೇ ಪಕ್ಕಕ್ಕೆ ಕುಸಿದೆ.

ಸೊಂಟದ ಮೂಳೆ ಮುರಿಯಿತು.

ಪುತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಮರುದಿನ ರೌಂಡ್ಸಿಗೆ ಬಂದ ಡಾಕ್ಟರಿಗೆ ಹೇಳಿದೆ, “ಡಾಕ್ಟ್ರೇ, ನಾನು ಜಾರಿದ್ದಲ್ಲ. ಕಾಲಲ್ಲಿ ಬಲವೇ ಇರ್ಲಿಲ್ಲ.”

ಅವರು ಎಕ್ಸ್‌ರೇಯಿಂದ ಕಣ್ಣು ತೆಗೆಯಲಿಲ್ಲ. “ಆಸ್ಟಿಯೋಪೊರೋಸಿಸ್ ಅಮ್ಮ. ಮೂಳೆ ಸವೆದಿದೆ. ವಯಸ್ಸಾಯ್ತಲ್ಲ.”

ವಯಸ್ಸಾಯ್ತಲ್ಲ! ನನಗೆ ಅರವತ್ತಾರು. ಮಂಡಿ ನೋವು ಎಂದು ಹೋದಾಗಲೂ ಇದೇ ಮಾತು, ಸುಸ್ತು ಎಂದಾಗಲೂ ಇದೇ ಮಾತು. ಜೊತೆಗೆ ಕ್ಯಾಲ್ಸಿಯಂ ಚೀಟಿ. ಒಂದು ದಿನವೂ ತಪ್ಪದೆ ವರ್ಷಗಟ್ಟಲೆ ನುಂಗಿದ್ದೇನೆ. ಹಾಗಾದರೆ ಮುರಿದದ್ದು ಯಾಕೆ? ಅದನ್ನು ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಆಪರೇಷನ್ನಿನ ಹೊಲಿಗೆ ಬಿಚ್ಚಿಸಲು ಆಸ್ಪತ್ರೆಗೆ ಹೋದ ದಿನ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಸಿಕ್ಕಿದಳು. ಮುರಿದ ಕಡೆಯದ್ದನ್ನು ಬಿಟ್ಟು ಸರಿ ಇದ್ದ ಕಾಲಿನ ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

“ಇದು ಯಾವಾಗಿಂದ ಇಷ್ಟು ಸಪೂರ ಅಮ್ಮ?”

ನಲವತ್ತು ವರ್ಷ ಊರಿನ ಹೆಂಗಸರ ಅಳತೆ ತೆಗೆದವಳು ನಾನು. ಈಚೆಗೆ ನನ್ನದೇ ರವಿಕೆಗಳ ತೋಳನ್ನು ಮೂರು ಸಲ ಬಿಗಿ ಮಾಡಿ ಹೊಲಿದುಕೊಂಡಿದ್ದೆ, ಅದೂ ಖುಷಿಯಿಂದ! ಅಂಗಡಿಗೆ ಬಂದವರೆಲ್ಲ “ಸಪೂರ ಆಗಿದ್ದೀರಿ, ಚಂದ ಕಾಣ್ತೀರಿ” ಎನ್ನುವಾಗ ಉಬ್ಬಿಹೋಗುತ್ತಿದ್ದೆ. ಕರಗಿದ್ದು ಬೊಜ್ಜಲ್ಲ, ಮಾಂಸಖಂಡ. ಬೇರೆಯವರ ಮೈಯಲ್ಲಿ ಅರ್ಧ ಇಂಚು ಹೆಚ್ಚು ಕಡಿಮೆಯಾದರೂ ಹಿಡಿಯುವ ಕಣ್ಣು ನನ್ನ ಮೈಗೆ ಕುರುಡಾಗಿತ್ತು.

ಮಾಂಸಖಂಡ ಎಳೆಯುತ್ತಿದ್ದರೆ ಮಾತ್ರ ಮೂಳೆಗೆ ಕೆಲಸ, ಕೆಲಸ ಇದ್ದರೆ ಮಾತ್ರ ಅದು ಗಟ್ಟಿಯಾಗಿ ಉಳಿಯುವುದು ಎಂದು ಆಕೆ ವಿವರಿಸಿದಳು. ಕಾಲು ತಡವರಿಸಿದಾಗ ಬೀಳದಂತೆ ಹಿಡಿಯುವುದೂ ಮಾಂಸಖಂಡವೇ ಅಂತೆ. “ಮಾತ್ರೆ ಬಿಡ್ಬೇಡಿ, ಅದೂ ಬೇಕು. ಆದ್ರೆ ಕೆಂಪು ಕಲ್ಲು ತಂದು ರಾಶಿ ಹಾಕಿದ್ರೆ ಗೋಡೆ ಆಗುದಿಲ್ಲ ಅಲ್ವಾ? ಕಟ್ಟುವವ ಬೇಕಲ್ಲ.”

ಎರಡು ನಿಮಿಷದ ಮಾತು. ಇಷ್ಟು ವರ್ಷದಲ್ಲಿ ಒಬ್ಬರಾದರೂ ಹೇಳಬಾರದಿತ್ತೇ? ಕುರ್ಚಿಯಿಂದ ಕೈ ಊರದೆ ಏಳಿ ನೋಡುವ ಎಂದು ಒಬ್ಬರಾದರೂ ಹೇಳಿದ್ದರೆ ಸಾಕಿತ್ತು. ಮನೆ ಮುಟ್ಟುವವರೆಗೂ ಹಲ್ಲು ಕಚ್ಚಿಕೊಂಡೇ ಕೂತಿದ್ದೆ.

ಮನೆಗೆ ಬಂದ ಮೇಲೆ ಸಿಟ್ಟು ಯಜಮಾನರ ಕಡೆ ತಿರುಗಿತು. ಆರು ವರ್ಷದ ಹಿಂದೆ, ಮಂಡಿ ನೋವು ಶುರುವಾದಾಗ, “ತುಳಿದದ್ದು ಸಾಕು ಮಾರಾಯ್ತಿ” ಎಂದು ನನ್ನ ಹೊಲಿಗೆ ಮೆಷಿನ್ನಿಗೆ ಮೋಟರ್ ಕೂರಿಸಿದವರು ಅವರೇ. ನನ್ನ ಕೈಯಿಂದ ಕೊಡಪಾನ ಕಸಿದುಕೊಂಡರು. ನಾನು ಮೆಟ್ಟಿಲು ಇಳಿದು ಹತ್ತಬಾರದೆಂದು ಊಟವನ್ನು ಮಹಡಿಯ ಅಂಗಡಿಗೇ ತಂದು ಕೊಟ್ಟರು. ನಮ್ಮಲ್ಲಿ ಹಿರಿಯರನ್ನು ಕೆಲಸ ಮಾಡಲು ಬಿಡದೆ ಕೂರಿಸುವುದೇ ಮರ್ಯಾದೆ. ಇನ್ನು ಮೀನು ಮೊಟ್ಟೆ ಬಿಟ್ಟು, ರಾತ್ರಿ ಬರೀ ಗಂಜಿ ಉಪ್ಪಿನಕಾಯಿ ಉಣ್ಣತೊಡಗಿದ್ದು ನನ್ನದೇ ಬುದ್ಧಿ. ವಯಸ್ಸಾದವರಿಗೆ ಹಗುರ ಊಟ ಒಳ್ಳೆಯದೆಂದುಕೊಂಡಿದ್ದೆ. ಪ್ರೀತಿಯಿಂದಲೇ ಹೀಗಾಯಿತು ಎಂದರೆ ಯಾರನ್ನು ಬೈಯುವುದು? ಆದರೂ ಬೈದೆ.

“ನನಗೆ ಎಂತ ಗೊತ್ತಿತ್ತು?” ಎಂದರು. ಅದು ನಿಜವೇ. ಅದಕ್ಕೇ ಅಳು ಬಂತು.

ಅದೇ ವಾರ ಇನ್ನೊಂದು ಗೊತ್ತಾಯಿತು. ಅಂಗಡಿ ಖಾಲಿ ಮಾಡುತ್ತೇವೆ ಎಂದು ಅವರು ಕಟ್ಟಡದ ಮಾಲೀಕರಿಗೆ ಹೇಳಿಬಿಟ್ಟಿದ್ದರು.

ನನ್ನನ್ನು ಕೇಳದೆ.

“ಹದಿನೆಂಟು ಮೆಟ್ಟಿಲು ಇನ್ನು ನಿನ್ನಿಂದ ಆಗುದುಂಟಾ?”

ಮೂಳೆ ಮುರಿದಾಗಲೂ ಅಷ್ಟು ನೋವಾಗಿರಲಿಲ್ಲ. ಮಲಗಿದಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿ ನಾಲ್ಕು ತಿಂಗಳು ಕಾಯಿರಿ, ನಾನೇ ಹತ್ತಿ ಬರುತ್ತೇನೆ ಎಂದೆ. ಅವರು ಹೂಂ ಎಂದರು, ಪಾಪದವಳು ಎನ್ನುವ ದನಿಯಲ್ಲಿ; ನಂಬಿದ ಹಾಗಿರಲಿಲ್ಲ.

ಶುರು ಮಾಡಿದೆ. ಮೊದಲು ವಾಕರ್. ಆಮೇಲೆ ಮೇಜು ಹಿಡಿದು ಕುರ್ಚಿಯಿಂದ ಏಳುವುದು. ಮೊದಲ ದಿನ ಒಂದೇ ಸಲ, ಅದೂ ಬೆವರಿಳಿದು. ಊಟಕ್ಕೆ ಮೊಟ್ಟೆ, ಹುರುಳಿ, ಮೀನು ಮರಳಿದವು. ಏಳುವಾಗ ಯಜಮಾನರು ಕಂಕುಳಿಗೆ ಕೈ ಕೊಡಲು ಬಂದರೆ ಗದರುತ್ತಿದ್ದೆ. ಪಾಪ, ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಮೂಳೆ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲವಂತೆ. ಇನ್ನಷ್ಟು ಹಾಳಾಗದಿದ್ದರೆ ಅದೇ ದೊಡ್ಡದು ಎಂದಿದ್ದಾಳೆ ಫಿಸಿಯೋ ಹುಡುಗಿ. ಅವಳು ನನ್ನ ಪಾಲಿಗೆ ದೇವರ ಹಾಗೆ ಬಂದಳು, ತಡವಾಗಿಯಾದರೂ.

ಹೋದ ವಾರ, ಹೇಳಿದ ನಾಲ್ಕು ತಿಂಗಳು ತುಂಬುವ ಮೊದಲೇ, ಅಂಗಡಿಗೆ ಹೋದೆ. ಕಂಬಿ ಹಿಡಿದು, ಮೂರು ಕಡೆ ನಿಂತು, ಹದಿನೆಂಟೂ ಮೆಟ್ಟಿಲು ಹತ್ತಿದೆ. ಯಜಮಾನರು ಹಿಂದೆಯೇ ಇದ್ದರು, ಮುಟ್ಟಲಿಲ್ಲ. ಮೇಲೆ ಮಾಲೀಕರು ಸಿಕ್ಕಿದರು.

“ಎಂತ ಅಕ್ಕ, ಸಾಮಾನು ತೆಗೀಲಿಕ್ಕೆ ಬಂದದ್ದಾ? ಖಾಲಿ ಮಾಡ್ತೇವೆ ಅಂದಿದ್ರಲ್ಲ?”

“ಅಂದದ್ದು ಅವರು. ಹತ್ತಿ ಬಂದದ್ದು ನಾನು,” ಎಂದೆ. ಉಸಿರು ಸಿಗುತ್ತಿರಲಿಲ್ಲ, ಆದರೂ ಎಂದೆ.