ಉಲ್ಟಾ ಕೂತ ಬಲ್ಬು

ಗ್ಯಾರೇಜಿನ ಮೆಕ್ಯಾನಿಕ್‌ನನ್ನು ಎಲ್ಲರೂ ಸಿಡುಕ ಅಂತಲೇ ಕರೆಯುತ್ತಿದ್ದರು. ಬಿಗಿಯಾದ ನಟ್ಟಿಗೂ ಬೈಯುವವನು, ಎದುರಾಡಿದ ಗಿರಾಕಿಯ ಮೇಲೆ ಸ್ಪ್ಯಾನರ್ ಎಸೆಯುವವನು. ತಂಗಿಯ ಗಂಡನ ಮುಂದೆ ಮಾತ್ರ ಬಾಲ ಮುದುರಿಕೊಳ್ಳುತ್ತಿದ್ದ. ತಾನು ಒಂದು ಮಾತಾಡಿದರೆ ತಂಗಿಯ ಬೆನ್ನಿಗೆ ಎರಡು ಬೀಳುತ್ತವೆ ಅಂತ ಅವನಿಗೆ ಗೊತ್ತಿತ್ತು.

ಆ ಪುಣ್ಯಾತ್ಮ ಬೆಳಿಗ್ಗೆ ತನ್ನ ದೊಡ್ಡ ಟೂರಿಂಗ್ ಬೈಕು ತಂದು ನಿಲ್ಲಿಸಿ, “ಹಿಂದಿನ ಬಲ್ಬು ಸುಟ್ಟಿದೆ ಭಾವ, ಹೊಸ ಎಲ್‌ಇಡಿ ಹಾಕು. ಹೆದ್ದಾರೀಲಿ ಹೋಗ್ಬೇಕು,” ಅಂದ. ಅವನ ಬೆರಳಿನ ಗೆಣ್ಣು ಸುಲಿದಿತ್ತು. ಯಾರ ಹಲ್ಲು ತಾಗಿ ಸುಲಿದದ್ದು ಅಂತ ಕೇಳಬೇಕಾಗಿರಲಿಲ್ಲ.

ಆ ಬಲ್ಬಿಗೆ ಎರಡು ಬೆಳಕು: ಓಡುವಾಗ ಮಂಕು, ಬ್ರೇಕ್ ಒತ್ತಿದರೆ ಪ್ರಖರ. ಉಲ್ಟಾ ಕೂರದಿರಲಿ ಅಂತಲೇ, ಹೋಲ್ಡರಿಗೆ ಸಿಕ್ಕಿಸುವ ಅದರ ಎರಡು ಪುಟ್ಟ ಮೊಳೆಗಳಲ್ಲಿ ಒಂದನ್ನು ಮೇಲೆ, ಒಂದನ್ನು ಕೆಳಗೆ ಇಟ್ಟಿರುತ್ತಾರೆ. ಸಿಡುಕ ಹಲ್ಲು ಕಚ್ಚಿ ಅದನ್ನು ಉಲ್ಟಾ ತುರುಕಿದ. ಇನ್ನು ಓಡುವಾಗಲೇ ಪ್ರಖರವಾಗಿ ಉರಿಯುತ್ತದೆ, ಬ್ರೇಕ್ ಒತ್ತಿದರೂ ಬೆಳಕು ಬದಲಾಗುವುದಿಲ್ಲ. ಹಿಂದೆ ಬರುವ ಲಾರಿಯವನಿಗೆ ಸುಳಿವೇ ಸಿಗುವುದಿಲ್ಲ. ಕೈ ಒರೆಸಿಕೊಂಡು, “ಆಯ್ತು, ಹೊರಡಿ,” ಅಂದ.

“ಬಾರೇ,” ಅಂತ ತಂಗಿಯ ಗಂಡ ಬೀದಿಯತ್ತ ಕೂಗಿದ. ಅಲ್ಲಿ ನಿಂತಿದ್ದ ತಂಗಿ ಊದಿದ ತುಟಿಗೆ ಕರ್ಚೀಫು ಒತ್ತಿಕೊಂಡೇ ಬಂದು ಹಿಂದಿನ ಸೀಟು ಹತ್ತಿದಳು.

ಅವಳೂ ಹೋಗುತ್ತಾಳೆ ಅಂತ ಸಿಡುಕ ಎಣಿಸಿರಲಿಲ್ಲ. ನಿಜ ಹೇಳುವ ಹಾಗಿಲ್ಲ. ಸುತ್ತಿಗೆ ಎತ್ತಿಕೊಂಡು ಓಡಿಹೋಗಿ ಆ ದೀಪವನ್ನು ಪುಡಿಪುಡಿ ಮಾಡಿದ.

ಗಂಡ ಇಳಿದವನೇ, “ನಿಮ್ಮ ವಂಶಕ್ಕೇ ತಲೆ ಕೆಟ್ಟಿದೆ,” ಅಂತ ಕೆನ್ನೆಗೆ ಬಾರಿಸಿದ್ದು ಸಿಡುಕನಿಗಲ್ಲ, ಅವಳಿಗೆ.

ಅವಳು ಕೆಳಗಿಳಿದು ಅಣ್ಣನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. ಮೊದಲ ಏಟಿಗೆ ಹೆಡ್‌ಲೈಟು ಒಡೆಯಿತು. ಎರಡನೆಯದು ಬೈಕಿಗೆ ಬೀಳಲಿಲ್ಲ.